ಕುದಿಸಿದ ಚಾಕುಗಳು

ಚಾಕು ಕೈಗೆ ಬಂದರೆ ಕಂಪೌಂಡರ್ ಮಾವ ಅದರ ಅಲಗು ನೋಡುತ್ತಿರಲಿಲ್ಲ, ಮೊದಲು ಮೂಸುತ್ತಿದ್ದರು. ಕನ್ನಡಕ ಹಣೆಗೇರಿಸಿ, ಕಣ್ಣು ಮುಚ್ಚಿ, ಹಿಡಿಯೂ ಅಲಗೂ ಕೂಡುವ ಸಂದನ್ನು ಮೂಗಿನ ಕೆಳಗೆ ಹಿಡಿದು, ಒಮ್ಮೆ ಬಲ ಹೊಳ್ಳೆ ಒತ್ತಿ, ಇನ್ನೊಮ್ಮೆ ಎಡ ಹೊಳ್ಳೆ ಒತ್ತಿ ಉಸಿರೆಳೆಯುತ್ತಿದ್ದರು. ಹೀಗೆ ಮೂಸಿ ಮೂಸಿ ಅವರ ಮೂಗಿನ ತುದಿಯಲ್ಲಿ ಯಾವಾಗಲೂ ಒಂದು ಚೂರು ತುಕ್ಕಿನ ಕಲೆ ಇರುತ್ತಿತ್ತು. ಅದನ್ನು ಕಂಡಾಗಲೆಲ್ಲ ನಾನು, "ಮಾವ, ಧನುರ್ವಾತದ ಇಂಜೆಕ್ಷನ್ ತಂದೀನಿ, ಮೂಗಿಗೇ ಚುಚ್ಚತೀನಿ ಬರ್ರಿ" ಅನ್ನುತ್ತಿದ್ದೆ. "ಮನಶಾರ ಸೂಜಿ ನನಗ ನಾಟಂಗಿಲ್ಲವ್ವ, ಎಮ್ಮಿ ಸೂಜಿ ಇದ್ರ ತಗೊಂಡ್ ಬಾ" ಎಂದು ಅವರು ಕಣ್ಣು ಮುಚ್ಚಿಕೊಂಡೇ ಉತ್ತರ ಕೊಡುತ್ತಿದ್ದರು.

ಅವರು ಪಶು ಆಸ್ಪತ್ರೆಯಲ್ಲಿ ಕಂಪೌಂಡರ್ ಆಗಿದ್ದು ನಿವೃತ್ತರಾದವರು. ನಾನು ಸರ್ಕಾರಿ ಆಸ್ಪತ್ರೆಯ ನರ್ಸು. ಕೊಟ್ಟೂರಿನಲ್ಲಿ ನನ್ನದೂ ಅವರದೂ ಒಂದೇ ಗೋಡೆಯ ಮನೆ. ರಕ್ತಸಂಬಂಧವೇನೂ ಇಲ್ಲ. ನಾನು ವರ್ಗವಾಗಿ ಬಂದ ದಿನ, ಗಾಡಿಯಿಂದ ಸಾಮಾನು ಇಳಿಸುವ ಮೊದಲೇ, ಅವರ ಹೆಂಡತಿ ಕಾಂಪೌಂಡಿನ ಮೇಲಿಂದ ನಾಲ್ಕು ರೊಟ್ಟಿ, ಪುಂಡಿಪಲ್ಯ ದಾಟಿಸಿ, "ಅತ್ತಿ ಅಂತ ಕರಿ, ಸಾಕು" ಅಂದರು. ಅವರು ಅತ್ತೆಯಾದ ಮೇಲೆ ಇವರು ಮಾವ ಆಗಲೇಬೇಕಾಯಿತು. ಮಾವ ಮಾತ್ರ ನನ್ನನ್ನು ಕೊನೆಯವರೆಗೂ ಸಿಸ್ಟರಮ್ಮ ಎಂದೇ ಕರೆದರು. "ನಿನ್ನ ರೋಗಿಗಳು ಮಾತಾಡ್ತಾರ, ನನ್ನ ರೋಗಿಗಳು ಬರೇ ಒದೀತಿದ್ವು. ಯಾರ ನೌಕರಿ ಕಷ್ಟ, ನೀನ ಹೇಳು" ಎಂದು ವಾರಕ್ಕೊಮ್ಮೆಯಾದರೂ ಕೆಣಕುತ್ತಿದ್ದರು.

ಅವರ ಪಡಸಾಲೆಯಲ್ಲಿ ಸಾಗವಾನಿಯ ಒಂದು ಪೆಟ್ಟಿಗೆ ಇತ್ತು. ಅದರೊಳಗೆ ಹಳೆ ಪಂಚೆಯ ತುಂಡುಗಳ ನಡುವೆ ನಲವತ್ತಕ್ಕೂ ಮಿಕ್ಕಿ ಚಾಕುಗಳು. ಕೂಡ್ಲಿಗಿ, ಹರಪನಹಳ್ಳಿ, ಹಡಗಲಿ, ಹಗರಿಬೊಮ್ಮನಹಳ್ಳಿ ಎಂದು ಸರ್ಕಾರ ಎಲ್ಲಿಗೆ ಅಟ್ಟಿತೋ ಅಲ್ಲೆಲ್ಲ ಸೈಕಲ್ ತುಳಿದು ಕುರಿಹಟ್ಟಿ ಸುತ್ತಿದವರು ಅವರು. ಔಷಧ ಕುಡಿಸಿದ್ದಕ್ಕೆ, ಮರಿ ಈಯಿಸಿದ್ದಕ್ಕೆ ಕುರಿಯವರು ಏನಾದರೂ ಕೊಡಲು ಬಂದರೆ ಮಾವ ಹಾಲು, ಉಣ್ಣೆ ಬೇಡವೆಂದು, "ನಿನ್ನ ಸೊಂಟದಾಗಿನ ಹಳೇ ಚಾಕು ಕೊಡ್ತೀಯೇನು?" ಎಂದು ಕೇಳುತ್ತಿದ್ದರಂತೆ. ಹೀಗೆ ಕೂಡಿದ ಸಂಪತ್ತು ಅದು. ಮಡಚುವ ಚಾಕುಗಳೇ ಹೆಚ್ಚು. ಚರ್ಮದ ಒರೆಯ ಬೇಟೆ ಚೂರಿಗಳು ಏಳೆಂಟು.

ಒಂದೊಂದು ಚಾಕುವಿಗೂ ದಾರದಲ್ಲಿ ಕಟ್ಟಿದ ರಟ್ಟಿನ ಚೀಟಿ. ಔಷಧದ ಬಾಟಲಿಯ ಮೇಲೆ ಬರೆಯುವ ಹಾಗೆ ಕೆಂಪು ಶಾಯಿಯಲ್ಲಿ, ಗುಂಡನೆ ಅಕ್ಷರದಲ್ಲಿ ಬರೆದದ್ದು. "ಇದರ ಸ್ಪ್ರಿಂಗಿಗೆ ಸಿಟ್ಟು ಬಹಳ. ಮುಚ್ಚುವಾಗ ಬೆರಳು ದೂರವಿಡಿ." "ಹಿಡಿ ಸಡಿಲ. ಮಕ್ಕಳ ಕೈಗೆ ಬೇಡ." "ಕುರಿಯ ಗೊರಸಿಗೆ ಬಳಸಿದ್ದು, ಮೈಲುತುತ್ತದ ವಾಸನೆ ಇದೆ. ಹಣ್ಣು ಹೆಚ್ಚಬಾರದು." ಕೊಂಬಿನ ಹಿಡಿಯ ಒಂದು ಬೇಟೆ ಚೂರಿಗೆ, "ಕಾಡುಹಂದಿ. ಮಳೆಗಾಲದಲ್ಲಿ ವಾಸನೆ ಏಳುತ್ತದೆ. ನಾಯಿಯ ಎದುರು ಒರೆ ತೆಗೆಯಬಾರದು" ಎಂದಿತ್ತು. ಇದೇನು ಜಂಬ ಎಂದುಕೊಂಡಿದ್ದೆ. ಒಂದು ಆಷಾಢದಲ್ಲಿ ಅವರು ಅದರ ಒರೆ ತೆಗೆದದ್ದೇ ತಡ, ಹೊರಗೆ ಮಲಗಿದ್ದ ಓಣಿಯ ನಾಯಿ ಬೆನ್ನಿನ ಕೂದಲು ನಿಮಿರಿಸಿ ಬಾಗಿಲವರೆಗೂ ಬಂದು ಗುರುಗುಟ್ಟಿತು. ಮಾವ ಒರೆ ಮುಚ್ಚಿ ನನ್ನ ಮುಖ ನೋಡಿ ನಕ್ಕರು.

ಚೀಟಿಯ ಹುಚ್ಚು ಯಾಕೆ ಹತ್ತಿತು ಎಂದು ಒಮ್ಮೆ ಕೇಳಿದೆ. ನೌಕರಿಯ ಮೊದಲ ದಿನಗಳಲ್ಲಿ, ಹರಪನಹಳ್ಳಿ ಕಡೆಯ ಒಂದು ಹಳ್ಳಿಯಲ್ಲಿ, ಮುದುಕಿಯೊಬ್ಬಳ ಎಮ್ಮೆಗೆ ಹೊಟ್ಟೆ ಉಬ್ಬರಿಸಿತ್ತು. ಅವಸರದಲ್ಲಿ ಇವರು ಚೀಟಿ ಹಚ್ಚದ ಎರಡು ಬಾಟಲಿ ಒಯ್ದಿದ್ದರು. ಹುಣ್ಣಿಗೆ ಹಚ್ಚುವುದನ್ನು ಎಮ್ಮೆಗೆ ಕುಡಿಸಿಬಿಟ್ಟರು. ಎಮ್ಮೆ ಸತ್ತಿತು.

"ಆಕಿಗಿದ್ದದ್ದು ಅದೊಂದ ಎಮ್ಮಿ. ಆಕಿ ಬೈಲಿಲ್ಲ ಸಿಸ್ಟರಮ್ಮ. ನನಗ ನೀರು ಕೊಟ್ಟು, 'ಬಿಸಿಲಾಗ ಸೈಕಲ್ ತುಳದು ಬಂದೀಯಪ್ಪ, ಕುಡಿ' ಅಂದ್ಲು. ಬೈದಿದ್ರ ಮರತಬಿಡ್ತಿದ್ದೆ" ಅಂದರು. ಅವತ್ತು ಅವರು ಚಹಾ ಕುಡಿಯದೆ ಎದ್ದುಹೋದರು.

ಇನ್ನು ನನ್ನ ವಿಷಯ. ನನಗೆ ತೊಳೆಯುವ ಚಟ. ಆಸ್ಪತ್ರೆಯಲ್ಲಿ ಇಕ್ಕಳ, ಕತ್ತರಿ ಕುದಿಸಿ ಕುದಿಸಿ, ಮನೆಯಲ್ಲಿಯೂ ಚಮಚ ಬಿಸಿನೀರಿಗೆ ಅದ್ದದೆ ಊಟಕ್ಕೆ ಕೂರದವಳು ನಾನು. ಮಾವನ ಪೆಟ್ಟಿಗೆ ತೆರೆದಾಗ ಬರುವ ವಾಸನೆ ನನಗೆ ಆಗುತ್ತಿರಲಿಲ್ಲ. ಹಳೆ ಚರ್ಮ, ಉಣ್ಣೆಯ ಜಿಡ್ಡು, ಕೊಬ್ಬರಿ ಎಣ್ಣೆ, ಈರುಳ್ಳಿ, ಎಂದೋ ಒಣಗಿದ ರಕ್ತ. ಹೊಸಪೇಟೆಯಿಂದ ಚಾಕು ಕೂಡಿಡುವ ಹವ್ಯಾಸದ ಒಬ್ಬ ತರುಣ ಬಂದವನು ನನ್ನದೇ ಮಾತು ಹೇಳಿದ. "ಸರ್, ಸೋಡಾ ಪುಡಿ ಹಚ್ಚಿದ್ರ ವಾಸನಿ ಪೂರಾ ಹೋಗ್ತೈತ್ರಿ, ಮೊಬೈಲ್‌ನಾಗ ವಿಡಿಯೋ ಅದಾವ. ಕ್ಲೀನ್ ಇದ್ರ ಡಿಮ್ಯಾಂಡ್ ಜಾಸ್ತಿ" ಅಂದ. ಮಾವ ಅವನಿಗೆ ಉಪ್ಪಿಟ್ಟು ತಿನ್ನಿಸಿ, "ವಾಸನಿ ಹೋದ ಮ್ಯಾಲ ಅದು ಕಬ್ಬಿಣಪ್ಪ. ಕಬ್ಬಿಣ ಬೇಕಂದ್ರ ಗುಜರಿ ಅಂಗಡಿಗೆ ಹೋಗು" ಎಂದು ಕಳಿಸಿದರು.

ಅವರ ಮಾತಿನ ಅರ್ಥ ನನ್ನ ಕಣ್ಣೆದುರೇ ಬಂದು ನಿಂತಿತು. ಆದರೂ ನನಗೆ ತಿಳಿಯಲಿಲ್ಲ. ಕೂಡ್ಲಿಗಿ ಕಡೆಯ ಕುರಿಯವನೊಬ್ಬ, ನಡುವಯಸ್ಸಿನವನು, ಮಾವನನ್ನು ಹುಡುಕಿಕೊಂಡು ಬಂದ. ಅವನ ಅಪ್ಪ ಎಂದೋ ಕೊಟ್ಟ ಚಾಕು ಇಲ್ಲಿರಬೇಕು, ಒಮ್ಮೆ ನೋಡಬೇಕು ಎಂದ. ಮಾವ ಚೀಟಿ ಹುಡುಕಿ ಕೊಟ್ಟರು. ಅವನು ಅದನ್ನು ಬಿಚ್ಚಿ, ಯಾರೂ ಹೇಳಿಕೊಡದಿದ್ದರೂ, ಮೂಗಿಗೇ ಹಿಡಿದ. ಅಷ್ಟು ದೊಡ್ಡ ಗಂಡಸು ಪಡಸಾಲೆಯ ಕಂಬಕ್ಕೆ ಒರಗಿ ಅಳತೊಡಗಿದ. "ನಮ್ಮಪ್ಪನ ಕಂಬಳಿ ವಾಸನಿ ಐತ್ರೀ ಯಪ್ಪಾ" ಅಂದ. ಮಾವ ಚೀಟಿ ಬಿಚ್ಚಿಕೊಂಡು ಚಾಕುವನ್ನು ಅವನಿಗೇ ಕೊಟ್ಟುಬಿಟ್ಟರು. ನಾನು ಬಾಗಿಲಲ್ಲೇ ನಿಂತಿದ್ದೆ. ಪಾಪ ಎನಿಸಿತು, ಅಷ್ಟೆ.

ಆ ಮನೆಯಲ್ಲಿ ಒಂದೇ ಥರದ ಮೂರು ಚಾಕುಗಳಿದ್ದವು. ಮಾವ ಮದುವೆಯಾದ ಹೊಸದರಲ್ಲಿ ಒಬ್ಬ ಕಮ್ಮಾರನಿಂದ ಜಾಲಿಮರದ ಹಿಡಿ ಹಾಕಿಸಿ ಒಟ್ಟಿಗೆ ಮಾಡಿಸಿದವು. ಒಂದು ತಮ್ಮ ನೌಕರಿಗೆ, ಒಂದು ಹೆಂಡತಿಗೆ, ಇನ್ನೊಂದು ಕಳೆದರೆ ಇರಲಿ ಎಂದು. ಮೂರೂ ಎಷ್ಟು ತದ್ರೂಪವೆಂದರೆ ಕಮ್ಮಾರನೇ ಬಂದರೂ ಬೇರೆ ಮಾಡಲಾರ. ಎರಡು ಪೆಟ್ಟಿಗೆಯ ಮೂಲೆ ಸೇರಿದವು. ಅತ್ತೆ ತಮ್ಮದನ್ನು ಎಲೆಅಡಿಕೆಯ ಸಂಚಿಯಲ್ಲಿಟ್ಟು, ಅಡಿಕೆ ಸೀಳಲು, ಕಡ್ಡಿಪುಡಿಗೆ ಹೊಗೆಸೊಪ್ಪು ಕೊಚ್ಚಲು ಬಳಸಿದರು. ಕಡ್ಡಿಪುಡಿ ಬಿಡಿಸಬೇಕೆಂದು ಮಾವ ಆ ಚಾಕುವನ್ನು ಎಷ್ಟೋ ಸಲ ಅಡಗಿಸಿಟ್ಟಿದ್ದರು. ಅತ್ತೆ ಎಷ್ಟೋ ಸಲ ಹುಡುಕಿಕೊಂಡರು. "ನಿಮ್ಮ ಮಾವಗ ಅಡಗಿಸಾಕ ಬರಂಗಿಲ್ಲ, ಎಮ್ಮಿ ಥರಾ ಅದ ಜಾಗ ನೋಡಕೋತ ಕುಂದರ್ತಾರ" ಎಂದು ಅತ್ತೆ ನನ್ನೆದುರು ನಗುತ್ತಿದ್ದರು.

ಆಮೇಲೆ ಅತ್ತೆಗೆ ಬಾಯಲ್ಲಿ ಹುಣ್ಣಾಯಿತು. ಅದು ಮಾಯುವ ಹುಣ್ಣಲ್ಲ ಎಂದು ಮೊದಲು ನೋಡಿ ಹೇಳಿದವಳು ನಾನೇ. ಕೊನೆಯ ನಾಲ್ಕು ತಿಂಗಳು ಅವರ ಬಾಯಿ ಸ್ವಚ್ಛ ಮಾಡಿದ್ದೂ ನಾನೇ. ಆ ವಾಸನೆಯ ಬಗ್ಗೆ ಹೆಚ್ಚು ಬರೆಯಲಾರೆ. ಅವರು ಹೋದ ಮೇಲೆ ಮಾವ ಆ ಚಾಕುವಿಗೆ "ಮನೆಯಾಕೆಯದು" ಎಂಬ ಒಂದೇ ಪದದ ಚೀಟಿ ಕಟ್ಟಿ ಪೆಟ್ಟಿಗೆಯಲ್ಲಿಟ್ಟರು. ಸಂಜೆ ದೀಪ ಹಚ್ಚುವ ಹೊತ್ತಿಗೆ ದಿನಾ ತೆಗೆದು ಮೂಸುತ್ತಿದ್ದರು. ಕಾಚು, ಲವಂಗ, ಕಡ್ಡಿಪುಡಿ. ನನಗೆ ಮಾತ್ರ ಆ ಕಡ್ಡಿಪುಡಿಯ ಮೇಲೆ ಕೊಲೆಯಷ್ಟು ಸಿಟ್ಟಿತ್ತು. "ಅತ್ತೀನ್ನ ತಿಂದದ್ದ ಈ ವಾಸನಿ ಮಾವ. ಇದನ್ನ ಮತ್ತ ಮೂಸತೀರಲ್ಲ" ಎಂದು ಒಂದು ದಿನ ಅಂದೇಬಿಟ್ಟೆ. "ಗೊತ್ತೈತಿ. ಆದ್ರೂ ಈಗ ಆಕಿ ಇದರಾಗ ಮಾತ್ರ ಅದಾಳ" ಎಂದರು.

ಮರುವರ್ಷ ಮಾವನಿಗೆ ಹರ್ನಿಯಾ ಆಪರೇಷನ್ ಆಗಬೇಕಾಯಿತು. ದಾವಣಗೆರೆಗೆ ಹೋಗುವಾಗ ಮನೆಯ ಕೀಲಿ ಕೊಟ್ಟು, "ನಾ ಬರೂದು ಮಹಾನವಮಿ ದಾಟತೈತಿ. ಆಯುಧ ಪೂಜಿ ದಿನ ಪೆಟಗಿ ತಗದು ಒಂದೀಟು ಇಬತ್ತಿ ಹಚ್ಚಿಬಿಡು, ಅಷ್ಟ ಸಾಕು" ಎಂದರು. ಅಷ್ಟೇ ಸಾಕು ಎಂದವರು ಅವರು. ಅಷ್ಟಕ್ಕೆ ನಿಲ್ಲದವಳು ನಾನು.

ನಮ್ಮ ಕಡೆ ಆಯುಧ ಪೂಜೆಯೆಂದರೆ ಹಿಂದಿನ ದಿನ ಕುಡುಗೋಲು, ಈಳಿಗೆ, ಕೊಡಲಿ ಎಲ್ಲವನ್ನೂ ಹುಣಸೆಹಣ್ಣು, ಬೂದಿ ಹಾಕಿ ಬೆಳ್ಳಗೆ ತಿಕ್ಕಿ ಇಡಬೇಕು. ಮೈಲಿಗೆಯ ಆಯುಧಕ್ಕೆ ವಿಭೂತಿ ಹಚ್ಚಿದರೆ ಏನು ಫಲ ಎಂಬ ಮಾತು ಕೇಳಿಕೊಂಡೇ ಬೆಳೆದವಳು ನಾನು. ಅದರ ಮೇಲೆ ನರ್ಸಿನ ಬುದ್ಧಿ ಬೇರೆ. ಆಪರೇಷನ್ ಆದ ಮುದುಕರು ಬಂದು ಈ ಹೊಲಸನ್ನೆಲ್ಲ ಮೂಸಿ ಸೋಂಕು ಹತ್ತಿಸಿಕೊಳ್ಳುವುದು ಬೇಡ ಎಂದುಕೊಂಡೆ. ಚೀಟಿಗಳ ದಾರ ಕತ್ತರಿಸಿ, ಆಸ್ಪತ್ರೆಯ ಟ್ರೇಯಲ್ಲಿ ಜೋಡಿಸುವ ಹಾಗೆ ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಇಟ್ಟೆ. ದೊಡ್ಡ ಬೋಗುಣಿಯಲ್ಲಿ ಸೋಡಾ ಹಾಕಿ ನೀರು ಕುದಿಸಿ, ಚಾಕುಗಳನ್ನು ಸರತಿಯಂತೆ ಅದ್ದಿದೆ. ಆಮೇಲೆ ಹುಣಸೆಹಣ್ಣಿನಲ್ಲಿ ತಿಕ್ಕಿದೆ, ಸೋಪಿನಲ್ಲಿ ತಿಕ್ಕಿದೆ. ನಿಜ ಹೇಳಬೇಕು. ಅತ್ತೆಯ ಚಾಕುವನ್ನು ಎಲ್ಲಕ್ಕಿಂತ ಹೆಚ್ಚು ತಿಕ್ಕಿದೆ. ಎರಡು ಸಲ ಕುದಿಸಿದೆ. ಕಡ್ಡಿಪುಡಿಯ ನೀರು ಕಂದಾಗಿ ಮೋರಿಗೆ ಹರಿಯುವುದನ್ನು ನೋಡಿ ನನಗೆ ಸಮಾಧಾನವಾಯಿತು.

ಎಲ್ಲವನ್ನೂ ಪಂಚೆಯ ಮೇಲೆ ಒಣಗಲು ಹರವಿದೆ, ಚೀಟಿಗಳ ಸಾಲಿನಂತೆಯೇ. ಬೆಳಿಗ್ಗೆಯಿಂದ ಕರೆಂಟ್ ಇರಲಿಲ್ಲ. ನಾನು ಕೈ ತೊಳೆಯಲು ಹಿತ್ತಲಿಗೆ ಹೋದಾಗ ಕರೆಂಟ್ ಬಂತು. ಫ್ಯಾನು ಜೋರಾಗಿ ತಿರುಗಿ ಚೀಟಿಗಳೆಲ್ಲ ಮನೆಯ ತುಂಬ ಹಾರಿದವು. ಅದೇ ಹೊತ್ತಿಗೆ ಪಕ್ಕದ ಓಣಿಯ ಹೆಂಗಸು ಪೂಜೆಗೆ ಎಲೆ, ಕಾಯಿ ಕೇಳಲು ಬಂದವಳು, ನಡೆಯಲು ದಾರಿ ಮಾಡಿಕೊಳ್ಳಲು ಪಂಚೆಯ ಅಂಚು ಹಿಡಿದು ಗೋಡೆಯ ಕಡೆ ಎಳೆದಿದ್ದಳು. ಚಾಕುಗಳು ಒಂದರ ಮೇಲೊಂದು ಬಿದ್ದಿದ್ದವು. ಸ್ಪ್ರಿಂಗಿನದು, ಕೊಂಬಿನದು, ಸಡಿಲ ಹಿಡಿಯದು ಎಂದು ಉಳಿದವಕ್ಕೆ ಚೀಟಿ ಹೊಂದಿಸುವುದು ಕಷ್ಟವಾಗಲಿಲ್ಲ. ಆ ಮೂರು ಮಾತ್ರ ಹೊಂದಲಿಲ್ಲ. ಒಂದೊಂದನ್ನೂ ಎತ್ತಿ, ನನ್ನ ಜೀವಮಾನದಲ್ಲಿ ಮೊದಲ ಸಲ, ಮೂಗಿಗೆ ಹಿಡಿದು ನೋಡಿದೆ. ಮೂರರಲ್ಲೂ ಸೋಪಿನ ವಾಸನೆ.

ಮಾವ ಬಂದರು. ಪೆಟ್ಟಿಗೆಯ ಮುಚ್ಚಳ ತೆಗೆದರು. ಕಾಡುಹಂದಿಯ ಚೂರಿ ಎತ್ತಿದರು, ಇಟ್ಟರು. ಗೊರಸಿನ ಚಾಕು ಎತ್ತಿದರು, ಇಟ್ಟರು. ಆಮೇಲೆ ಚೀಟಿಯಿಲ್ಲದ ಆ ಮೂರನ್ನು ತೆಗೆದು ತೊಡೆಯ ಮೇಲೆ ಸಾಲಾಗಿ ಇಟ್ಟುಕೊಂಡರು. ಒಂದಾದ ಮೇಲೊಂದು ಮೂಸಿದರು. ಮತ್ತೆ ಮೊದಲಿನಿಂದ ಮೂಸಿದರು. ನಾನು ಚಹಾದ ಲೋಟ ಹಿಡಿದು ನಿಂತಿದ್ದೆ.

"ಇದರಾಗ ನಿಮ್ಮತ್ತಿದು ಯಾವುದವ್ವ?" ಎಂದು ಕೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಿಜ ಹೇಳಿಬಿಡುತ್ತಿದ್ದೆನೇನೋ.

"ನಡುವಿಂದು ಮಾವ" ಅಂದೆ.

"ಖರೇನ?"

"ಖರೇನ್ರಿ. ನಾ ಗುರ್ತಿಟ್ಕೊಂಡ ತೊಳದೀನಿ."

ಅವರು ನನ್ನ ಮುಖವನ್ನೇ ನೋಡಿದರು. ನಾನು ಲೋಟದೊಳಗಿನ ಚಹಾ ನೋಡಿದೆ. "ಆತು ಬಿಡು. ನೀ ಅಂದ ಮ್ಯಾಲ ಆತು" ಎಂದು ನಡುವಿನದನ್ನು ಅತ್ತೆಯ ಸಂಚಿಯೊಳಗೆ ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಉಳಿದ ಎರಡನ್ನು ಪಂಚೆಯಲ್ಲಿ ಸುತ್ತಿಟ್ಟರು. ಆಮೇಲೆ, "ಚಾ ಆರತೈತಿ, ಕೊಡು. ಎಷ್ಟು ತಿಕ್ಕೀಯವ್ವ, ಕೈ ನೊಂದಿರಬೇಕು ನಿಂದು" ಅಂದರು.

ಅದಾದ ಮೇಲೆ ಆರು ವರ್ಷ ಬದುಕಿದ್ದರು. ಒಂದು ದಿನವೂ ಆ ಮಾತು ಎತ್ತಲಿಲ್ಲ. ನನ್ನನ್ನು ಕೆಣಕುವುದನ್ನು ಬಿಡಲಿಲ್ಲ. ನನ್ನ ಮಗಳಿಗೆ ಜ್ವರ ಬಂದಾಗ ರಾತ್ರಿಯಿಡೀ ಪಕ್ಕದಲ್ಲಿ ಕೂತರು. ಆದರೆ ಚಾಕು ಕೂಡಿಡುವುದನ್ನು ನಿಲ್ಲಿಸಿದರು. ಕುರಿಯವರು ತಂದುಕೊಟ್ಟರೂ, "ಇನ್ನ ಸಾಕಪ್ಪ, ಮೂಗು ಮೊದಲಿನಂಗ ಇಲ್ಲ" ಎಂದು ಹಿಂದಕ್ಕೆ ಕಳಿಸುತ್ತಿದ್ದರು. ಸಂಜೆ ಸಂಚಿ ಬಿಚ್ಚಿ ಚಾಕುವನ್ನು ಕೈಯಲ್ಲಿ ಹಿಡಿದು ಕೂರುತ್ತಿದ್ದರು, ಮೂಸುತ್ತಿರಲಿಲ್ಲ. ತಾವೇ ಎಲೆಅಡಿಕೆ ತಂದು ಆ ಚಾಕುವಿನಿಂದ ಅಡಿಕೆ ಸೀಳಿ, ಅಲಗಿಗೆ ಲವಂಗ ತಿಕ್ಕಿ ನೋಡುತ್ತಿದ್ದುದನ್ನು ಒಂದೆರಡು ಸಲ ಕಿಟಕಿಯಿಂದ ಕಂಡೆ. ಅಡಿಕೆ ಬಾಯಿಗೆ ಹಾಕುವ ಅಭ್ಯಾಸ ಅವರಿಗಿರಲಿಲ್ಲ, ಸೀಳಿದ್ದನ್ನು ಹಿತ್ತಲಿಗೆ ಎಸೆಯುತ್ತಿದ್ದರು. ಆ ದಿನಗಳಲ್ಲಿ ನಿಜ ಹೇಳಬೇಕೆಂದು ಎಷ್ಟೋ ಸಲ ಅವರ ಬಾಗಿಲವರೆಗೆ ಹೋದೆ. ನಂಬಿದ್ದಾರೆ, ನಂಬಿಕೊಂಡಾದರೂ ಇರಲಿ ಎಂದು ತಿರುಗಿ ಬಂದೆ. ಸುಳ್ಳಾದರೂ ಒಂದು ಉಪಕಾರ ಮಾಡಿದೆ ಎಂದು ನನಗೆ ನಾನೇ ಹೇಳಿಕೊಂಡೆ.

ಹೋದ ವರ್ಷ ಮಾವ ಹಾಸಿಗೆ ಹಿಡಿದರು. ಒಂದು ಮಧ್ಯಾಹ್ನ ಗಂಜಿ ಕುಡಿಸುವಾಗ ಸೊಂಟದ ಸಂಚಿ ಮುಟ್ಟಿ, "ಇದನ್ನ ನನ್ನ ಜೋಡಿ ಕುಣಿಯಾಗ ಇಡ್ರಿ. ನೀನ ನಿನ್ನ ಕೈಲೆ ಇಡು" ಎಂದರು. "ಸುಮ್ನಿರ್ರಿ ಮಾವ" ಅಂದೆ. "ಇಡ್ತೀನಿ ಅನ್ನು" ಅಂದರು. ಇಡ್ತೀನಿ ಅಂದೆ.

ನಾಲ್ಕು ದಿನಕ್ಕೆ ಹೋದರು. ಅವರಿಗೆ ಮಕ್ಕಳಿರಲಿಲ್ಲ. ಹಗರಿಬೊಮ್ಮನಹಳ್ಳಿಯಲ್ಲಿ ಬೀಜದ ಅಂಗಡಿ ಇಟ್ಟಿರುವ ತಮ್ಮನ ಮಗ ಬಂದು ಎಲ್ಲ ಕಾರ್ಯ ನೋಡಿಕೊಂಡ. ಸಮಾಧಿಯ ಕುಣಿಯಲ್ಲಿ ಕೂರಿಸಿ ಇಬತ್ತಿ, ಪತ್ರೆ ಹಾಕುವಾಗ ನಾನು ಸಂಚಿ ಮುಂದೆ ಹಿಡಿದೆ. ಕ್ರಿಯೆ ಮಾಡಿಸುತ್ತಿದ್ದ ಅಯ್ಯನವರು, "ಕಬ್ಬಿಣ ಯಾಕವ್ವ ಒಳಗ?" ಅಂದರು. "ಅವ್ರ ಆಸೇರಿ, ಹೆಂಡ್ತಿ ಚಾಕು" ಎಂದು ತಮ್ಮನ ಮಗ ಹೇಳಿದ. ಅಯ್ಯನವರು ಪಕ್ಕಕ್ಕೆ ಸರಿದರು. ನಾನು ಕುಣಿಯೊಳಗೆ ಬಗ್ಗಿ ಮಾವನ ಮಡಿಲಲ್ಲಿ ಅದನ್ನು ಇಟ್ಟೆ. ಮೂರರಲ್ಲಿ ಒಂದು. ಮೇಲೆ ಮಣ್ಣು ಬಿತ್ತು.

ಹನ್ನೊಂದನೆಯ ದಿನ ಕಳೆದ ಮೇಲೆ ತಮ್ಮನ ಮಗ ಮನೆ ಖಾಲಿ ಮಾಡಲು ಬಂದ. ಪೆಟ್ಟಿಗೆ ತೆರೆದು ಒಂದೊಂದೇ ಚಾಕು ಎತ್ತಿ ಚೀಟಿ ಓದುತ್ತ, ದೊಡ್ಡಪ್ಪನ ಮಾತಿಗೆ ನಗುತ್ತ, ಕಣ್ಣೊರೆಸಿಕೊಳ್ಳುತ್ತ ಕೂತಿದ್ದ. ತಳದಲ್ಲಿದ್ದ ಪಂಚೆಯ ಗಂಟು ಬಿಚ್ಚಿದ. ಉಳಿದ ಎರಡು ಚಾಕುಗಳು. ಎರಡಕ್ಕೂ ಒಂದೊಂದು ಚೀಟಿ. ರಟ್ಟು ಹಳದಿಯಾಗಿತ್ತು, ಶಾಯಿ ಮಾಸಿತ್ತು. ಅವನು ಗಟ್ಟಿಯಾಗಿ ಓದಿದ:

"ಇದೂ ಆಕೆಯದಿರಬಹುದು. ತೊಳೆಯಬಾರದು."

ಇನ್ನೊಂದರ ಚೀಟಿ ನೋಡಿದ. ಅದರಲ್ಲಿಯೂ ಅದೇ ಮಾತು, ಅದೇ ಗುಂಡನೆಯ ಅಕ್ಷರ.

ನೆಲದ ಮೇಲೇ ಕೂತೆ. ಆರು ವರ್ಷ. ಅವರಿಗೆ ಗೊತ್ತಿತ್ತು. ನಾನು ಲೋಟದೊಳಗೆ ನೋಡುತ್ತ ನಿಂತ ದಿನವೇ ಗೊತ್ತಾಗಿತ್ತು. ತಮ್ಮ ಹೆಂಡತಿಯದಲ್ಲದಿರಬಹುದಾದ ಚಾಕುವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡಿದರು, ಅದನ್ನೇ ಮಡಿಲಲ್ಲಿಟ್ಟುಕೊಂಡು ಹೋದರು, ನನ್ನ ಮಾತು ಮಾತಾಗಿಯೇ ಉಳಿಯಲೆಂದು. ಬಾಗಿಲವರೆಗೆ ಹೋಗಿ ತಿರುಗಿ ಬಂದ ದಿನಗಳೆಲ್ಲ ನೆನಪಾದವು. ಒಳಗೆ ಹೋಗಿ ಒಂದು ಮಾತು ಹೇಳಿದ್ದರೆ ಆ ಮುದುಕ ಒಬ್ಬನೇ ಕೂತು ಅಡಿಕೆ ಸೀಳಬೇಕಾಗಿರಲಿಲ್ಲ. ಇಬ್ಬರೂ ಕೂಡಿ ಅಳಬಹುದಿತ್ತು.

ತಮ್ಮನ ಮಗ ಎರಡೂ ಚಾಕು ಹಿಡಿದು ನನ್ನ ಮುಂದೆ ಬಂದು ಕೂತ. "ಏನ್ರಿ ಅಕ್ಕ ಇದು? ದೊಡ್ಡವ್ವಂದು ದೊಡ್ಡಪ್ಪನ ಜೋಡಿ ಹೋತಲ್ರಿ, ನೀವ ಇಟ್ರಿ. ಮತ್ತ ಇವಕ್ಯಾಕ ಹಿಂಗ ಬರದಾರ? ದೊಡ್ಡವ್ವಂದು ಖರೇ ಯಾವುದ್ರಿ?"

"ನನಗೂ ಗೊತ್ತಿಲ್ಲಪ್ಪ" ಅಂದೆ. "ಅವತ್ತೂ ಗೊತ್ತಿರಲಿಲ್ಲ."